ಭಾನುವಾರದ ಮೇಜಿನಲ್ಲಿ ಗುಬ್ಬಿ ಹೇಳಿದ್ದು

ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನೀನು, ಭಾವ, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಭಾವನ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕೋಲು ಹಿಡಿಯಲು ಇನ್ನೂ ನಾಚಿಕೆಪಡುತ್ತಾರಾ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲ, ಕ್ಷಮಿಸು. ಫೋನಿಗೂ ನಾನು ಸಿಗಲಿಲ್ಲ. ನೀನು ಕರೆ ಮಾಡಿದಾಗಲೆಲ್ಲ ಫೋನು ನನ್ನ ಕೈಯಲ್ಲೇ ಇತ್ತು, ಎತ್ತಲಿಲ್ಲ. ಎತ್ತಿ ‘ಹಲೋ’ ಅಂದರೆ ಸಾಕು, ನೀನು ನನ್ನ ದನಿ ಹಿಡಿದುಬಿಡುತ್ತೀಯೆ. ಕಾಗದದಲ್ಲಿ ಆ ತೊಂದರೆಯಿಲ್ಲ. ಅಳು ಬಂದರೆ ಪೆನ್ನು ಕೆಳಗಿಟ್ಟು, ಮುಖ ತೊಳೆದು ಬಂದು ಮುಂದುವರಿಸಬಹುದು.

ಮೊದಲು ಒಳ್ಳೆಯ ಸುದ್ದಿ. ‘ನಿನ್ನ ಅಡುಗೆಮನೆ ಯುದ್ಧ ಎಲ್ಲಿಗೆ ಬಂತು’ ಎಂದು ಕೇಳಿದ್ದೆಯಲ್ಲ, ಆ ಯುದ್ಧ ಮುಗಿದಿದೆ, ಗೆದ್ದವಳು ನಾನೇ.

ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಪಾಡು ನಿನಗೆ ಗೊತ್ತಿದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರಿಗೆ ಗೋಡೆಯ ಮೇಲಿನ ಅಕ್ಷರ ಓದಿಸಿ, ಸಂಜೆ ಬಸ್ಸಿಳಿದು ಬಂದರೆ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು. ಅತ್ತೆಯದು ಕಟ್ಟಿಸಿದ ಹಲ್ಲು, ಅವರಿಗೆ ಎಲ್ಲವೂ ಮೆತ್ತಗಿರಬೇಕು. ಇವರ ಹುಡುಗಿಯರಲ್ಲಿ ದೊಡ್ಡವಳಿಗೆ ಹದಿಮೂರು, ಈರುಳ್ಳಿ ಕಂಡರೆ ಆರಿಸಿ ಆರಿಸಿ ತಟ್ಟೆಯ ಅಂಚಿಗೆ ಕೋಟೆ ಕಟ್ಟುತ್ತಾಳೆ. ಇವರಿಗೋ ಮುದ್ರಣಾಲಯದ ಪಾಳಿ. ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ. ಯಾವಾಗ ಹಸಿವಾಗುತ್ತದೆ ಎಂದು ಅವರ ಹೊಟ್ಟೆಗೇ ಗೊತ್ತಿರುವುದಿಲ್ಲ. ನಾನು ಫ್ರಿಜ್ಜಿನ ಬಾಗಿಲು ತೆರೆದು ಅದರ ಬೆಳಕಿನಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ‘ಇವತ್ತೇನು?’ ಎಂಬ ಆ ಒಂದು ಪ್ರಶ್ನೆ ಕೇಳಿದರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಕನ್ನಡಕಗಳನ್ನು ಟ್ರೇಗಳಿಗೆ ಹಾಕುತ್ತಿದ್ದಾಗ ಹೊಳೆಯಿತು. ಸೋಮವಾರ ಕೊಡಬೇಕಾದದ್ದು ಸೋಮವಾರದ ಟ್ರೇಗೆ, ಮಂಗಳವಾರದ್ದು ಮಂಗಳವಾರದ ಟ್ರೇಗೆ. ಗಿರಾಕಿ ಬಂದು ಎದುರು ನಿಂತ ಮೇಲೆ ನಾವು ಗಾಜು ಉಜ್ಜಲು ಕೂರುವುದಿಲ್ಲ. ಹಾಗಿದ್ದ ಮೇಲೆ ಮನೆಯಲ್ಲೇಕೆ ಹೊಟ್ಟೆ ಹಸಿದ ಮೇಲೆ ಯೋಚಿಸಬೇಕು?

ಆ ಭಾನುವಾರ ತಿಂಡಿ ಮುಗಿದ ಮೇಲೆ ಯಾರನ್ನೂ ಏಳಲು ಬಿಡಲಿಲ್ಲ. ಒಬ್ಬೊಬ್ಬರಿಗೆ ಒಂದು ದಿನ ಹಂಚಿದೆ. ಸೋಮವಾರ ಅತ್ತೆಯದು, ಮಂಗಳವಾರ ದೊಡ್ಡವಳದು, ಬುಧವಾರ ಇವರದು, ಗುರುವಾರ ನಮ್ಮ ಚಿಕ್ಕವಳು ಗುಬ್ಬಿಯದು, ಭಾನುವಾರ ನನ್ನದು. ಯಾರ ದಿನವೋ ಅವರು ಹೇಳಿದ್ದೇ ಅಡುಗೆ, ಉಳಿದವರು ತುಟಿ ಪಿಟಕ್ಕೆನ್ನದೆ ತಿನ್ನಬೇಕು. ಆದರೆ ಹೇಳಿದವರು ಆ ದಿನ ನನ್ನ ಜೊತೆ ಒಲೆಯ ಮುಂದೆ ನಿಲ್ಲಬೇಕು. ಶುಕ್ರವಾರ ಡಬ್ಬಿಗಳಲ್ಲಿ ಉಳಿದದ್ದನ್ನೆಲ್ಲ ಖಾಲಿ ಮಾಡುವುದು, ಶನಿವಾರ ಒಲೆಗೆ ರಜೆ, ಬ್ರೆಡ್ಡು ಮತ್ತು ಹಣ್ಣು. ಇಷ್ಟು ತೀರ್ಮಾನವಾದ ಮೇಲೆ ಕೂತ ಜಾಗದಲ್ಲೇ ಕೆಲಸ. ಅತ್ತೆ ಸೊಪ್ಪು ಬಿಡಿಸುತ್ತಾರೆ, ದೊಡ್ಡವಳು ಕ್ಯಾರೆಟ್ ಸಿಪ್ಪೆ ತೆಗೆಯುತ್ತಾಳೆ, ಗುಬ್ಬಿ ಬೀನ್ಸಿನ ತುದಿ ಮುರಿಯುತ್ತಾಳೆ, ಇವರು ಈರುಳ್ಳಿ ಹೆಚ್ಚಿ ಅಳುತ್ತಾರೆ. ಬೇಳೆಯನ್ನು ಒಂದೇ ಸಲ ಜಾಸ್ತಿ ಬೇಯಿಸಿ ಒಂದು ಪಾಲು ಫ್ರಿಜ್ಜಿಗೆ ಸೇರಿಸುತ್ತೇನೆ. ಕೆಳಗಿನ ಡ್ರಾಯರಿನಲ್ಲಿ ಕೊಳೆತು ನೀರಾಗುತ್ತಿದ್ದ ಸೌತೆಕಾಯಿಯ ಕಾಲ ಮುಗಿಯಿತು. ಸಂಜೆ ಮನೆಗೆ ಬಂದು ಮೊದಲು ಒಂದು ಲೋಟ ಚಹಾ ಕುಡಿದು ಕೂರುವಷ್ಟು ದೊಡ್ಡ ಮನುಷ್ಯಳಾದೆ.

ಇದರಲ್ಲಿ ನನಗೆ ಅತ್ಯಂತ ಸುಲಭದ ದಿನ ಗುಬ್ಬಿಯದು. ‘ನಿನಗೇನು ಬೇಕಮ್ಮ’ ಅಂದರೆ ಪ್ರತಿ ವಾರವೂ ಅವಳದು ಒಂದೇ ಉತ್ತರ, “ನಿಮಗೆ ಯಾವ್ದು ಸುಲಭಾನೋ ಅದು, ಚಿಕ್ಕಮ್ಮ.” ಎಂಟು ವರ್ಷದ ಮಗುವಿಗೆ ಎಂಥ ತಿಳಿವಳಿಕೆ ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಹಾಕಿದ್ದನ್ನು ತಿನ್ನುವಳು, ತಟ್ಟೆಯನ್ನು ತಾನೇ ತೊಳೆದಿಡುವಳು. ನಾನು ಈ ಮನೆಗೆ ಕಾಲಿಟ್ಟ ದಿನವೇ ಇಬ್ಬರೂ ಹುಡುಗಿಯರು ಯಾರೂ ಹೇಳಿಕೊಡದೆ ನನ್ನನ್ನು ‘ಚಿಕ್ಕಮ್ಮ’ ಎಂದು ಕರೆದಿದ್ದರು. ಅವತ್ತು ನಾನು ನಿನಗೆ ಫೋನು ಮಾಡಿ ಅತ್ತಿದ್ದೆ, ಸಂತೋಷಕ್ಕೆ.

ಈಗ ನಾನು ಫೋನು ಎತ್ತದಿರಲು ಕಾರಣವಾದ ಭಾನುವಾರದ ಸುದ್ದಿಗೆ ಬರುತ್ತೇನೆ. ಮೂರು ವಾರವಾಯಿತು.

ಎಂದಿನಂತೆ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ತರಕಾರಿ ಸುರಿದುಕೊಂಡಿದ್ದೆವು. ಇವರಿಗೆ ಮಧ್ಯಾಹ್ನದ ಪಾಳಿ, ಹೆಚ್ಚುವ ಕೆಲಸ ಮುಗಿಸಿ ಬಾಗಿಲ ಹತ್ತಿರ ಬೂಟಿನ ದಾರ ಕಟ್ಟುತ್ತಿದ್ದರು. ಗುಬ್ಬಿಯ ಸರದಿ ಬಂತು, ಅದೇ ಉತ್ತರವೂ ಬಂತು. ನನಗೆ ತಮಾಷೆ ಮಾಡಬೇಕೆನಿಸಿತು. ಇವತ್ತು ನಿನಗೆ ಇಷ್ಟವಾದದ್ದನ್ನೇ ಹೇಳಬೇಕು, ನನಗೆ ಎಷ್ಟು ಕಷ್ಟವಾದರೂ ಸರಿ, ಹೇಳದಿದ್ದರೆ ಈ ವಾರ ಮನೆಗೇ ಊಟವಿಲ್ಲ ಎಂದೆ. ಅವಳು ಬೀನ್ಸನ್ನು ಮುರಿದು ಮುರಿದು ಚೂರು ಮಾಡುತ್ತಾ ಕೂತಳು. ನಾನು ಬಿಡಲಿಲ್ಲ. ಕೊನೆಗೆ ತಲೆಯೆತ್ತದೆ ಕೇಳಿದಳು.

“ಕಷ್ಟ ಆದ್ರೆ ನೀವೂ ಹೋಗ್ಬಿಡ್ತೀರಾ?”

ಅವಳು ತನ್ನ ಅಮ್ಮನ ವಿಷಯ ಹೇಳುತ್ತಿದ್ದಾಳೆ ಎಂದುಕೊಂಡೆ. ಅಕ್ಕ, ಎಷ್ಟು ಸಲೀಸಾಗಿ ಹಾಗೆ ಅಂದುಕೊಂಡೆ ನೋಡು. ಅವಳ ಬೆನ್ನು ಸವರಿ, ಅಮ್ಮ ಹಾಗೆಲ್ಲ ಹೋಗಲಿಲ್ಲ ಪುಟ್ಟ, ಅವರಿಗೆ ಕಾಯಿಲೆ ಬಂದಿತ್ತು, ನೀನು ಆಗ ಮೂರು ವರ್ಷದ ಕೂಸು ಎಂದು ಸಮಾಧಾನ ಮಾಡಲು ಹೋದೆ.

“ಅಮ್ಮ ಅಲ್ಲ,” ಅಂದಳು. “ಆಮೇಲೆ ಬಂದ್ರಲ್ಲ, ಆ ಚಿಕ್ಕಮ್ಮ. ನಾನು ಅರ್ಧಚಂದ್ರ ಬೇಕು ಅಂತ ಹಟ ಮಾಡಿದ್ದೆ. ಅವ್ರು ಮಾಡಿದ್ರು. ನಾನು ತಿನ್ನಲಿಲ್ಲ. ಅವ್ರು ಅತ್ರು. ಆಮೇಲೆ ಬ್ಯಾಗ್ ತಗೊಂಡು ಹೋಗ್ಬಿಟ್ರು.”

“ಗುಬ್ಬಿ, ಸುಮ್ನಿರು,” ಅಂದಳು ದೊಡ್ಡವಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಅದೇ ಎಲ್ಲವನ್ನೂ ಹೇಳಿತು. ಮಗುವಿನ ಮಾತನ್ನು ಕನಸೋ ಕಲ್ಪನೆಯೋ ಎಂದು ತಳ್ಳಿಹಾಕಬಹುದಿತ್ತು, ದೊಡ್ಡವಳ ದನಿಯನ್ನು ತಳ್ಳಿಹಾಕಲು ಸಾಧ್ಯವಿರಲಿಲ್ಲ. ಅತ್ತೆಯ ಕಡೆ ನೋಡಿದೆ, ಅವರು ಸೊಪ್ಪಿನ ದಂಟನ್ನು ಎಲೆಗಳ ರಾಶಿಗೂ ಎಲೆಯನ್ನು ಕಸದ ರಾಶಿಗೂ ಹಾಕುತ್ತಿದ್ದರು. ಬಾಗಿಲ ಕಡೆ ನೋಡಿದೆ, ಇವರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಬೂಟಿನ ದಾರ ಎರಡೂ ಕೈಯಲ್ಲಿತ್ತು, ಗಂಟು ಬೀಳಲಿಲ್ಲ.

ನಾನು ಏನು ಮಾಡಿದೆ ಗೊತ್ತೇ? “ಸರಿ, ಗುರುವಾರ ಅರ್ಧಚಂದ್ರ. ಅದಕ್ಕೆ ಏನೇನು ಬೇಕು?” ಎಂದು ಕೇಳಿದೆ. ಆ ಮಾತು ಆಡಿದ್ದು ನಾನೇ, ಆದರೆ ಪಕ್ಕದ ಮನೆಯ ರೇಡಿಯೊದಿಂದ ಬಂದಂತೆ ಕೇಳಿಸಿತು. ಗುಬ್ಬಿ ವಿವರಿಸಿದಳು. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಒಳಗೆ ಆಲೂಗಡ್ಡೆ ಬಟಾಣಿ ತುಂಬಿ, ಮಡಿಚಿ, ಅಂಚು ಒತ್ತಿ, ಹಬೆಯಲ್ಲಿ ಬೇಯಿಸಬೇಕಂತೆ. ನಾನು ತಲೆಯಾಡಿಸುತ್ತಾ ಇದ್ದ ಬೀನ್ಸನ್ನೆಲ್ಲ ಹೆಚ್ಚಿದೆ, ನಾಳೆಗೆ ಎತ್ತಿಡಬೇಕಾದದ್ದನ್ನೂ ಹೆಚ್ಚಿದೆ. ಇವರು ಹೋಗಿ ಬರುತ್ತೇನೆ ಎಂದು ಕೂಡ ಹೇಳದೆ ಹೊರಟುಹೋದರು.

ಮಧ್ಯಾಹ್ನ ಅತ್ತೆ ಬಟ್ಟೆ ಒಣಗಿಸುವ ನೆಪದಲ್ಲಿ ನನ್ನ ಹಿಂದೆಯೇ ಬಾಲ್ಕನಿಗೆ ಬಂದರು. ನಾನು ಕೇಳುವ ಮೊದಲೇ ಹೇಳಿದರು. ಸೊಸೆ ತೀರಿಕೊಂಡ ಎರಡು ವರ್ಷಕ್ಕೆ ಒಬ್ಬಳು ಬಂದಿದ್ದಳಂತೆ, ಶಾಲೆಯಲ್ಲಿ ಟೀಚರ್. ಕೆಟ್ಟವಳಲ್ಲವಂತೆ. ಮಗನ ಪಾಳಿ, ಎರಡು ಮಕ್ಕಳು, ಆಗ ಕಾಲು ಮುರಿದುಕೊಂಡು ಮಲಗಿದ್ದ ಅತ್ತೆ, ದಿನವೂ ಎಲ್ಲರಿಗೂ ಒಂದೊಂದು ಥರದ ಅಡುಗೆ. ವರ್ಷ ತುಂಬುವ ಮೊದಲೇ ಒಂದು ಬೆಳಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ಹೊರಟುಹೋದಳಂತೆ. ಆಮೇಲೆ ಕೋರ್ಟು, ಕಾಗದಪತ್ರ, ಎಲ್ಲ ಮುಗಿದಿದೆ. ನಾನು ಎರಡನೆಯವಳಲ್ಲ ಅಕ್ಕ, ಮೂರನೆಯವಳು.

ನನಗೇಕೆ ಹೇಳಲಿಲ್ಲ ಎಂದೆ. ಅತ್ತೆ ಸುತ್ತಿ ಬಳಸಿ ಮಾತಾಡುವವರಲ್ಲ. ಹಗ್ಗಕ್ಕೆ ಕ್ಲಿಪ್ಪು ಹಾಕುತ್ತಾ ಅಂದರು, “ಹೇಳಿದ್ರೆ ನೀನು ಬರ್ತಿದ್ಯಾ?”

ಒದ್ದೆ ಟವಲನ್ನು ಹಿಂಡುತ್ತಲೇ ಇದ್ದೆ. ಅದರಲ್ಲಿ ನೀರು ಮುಗಿದು ಎಷ್ಟೋ ಹೊತ್ತಾಗಿತ್ತು.

ಮರುದಿನ ಬೆಳಗ್ಗೆ ನಾನು ಅಂಗಡಿಗೆ ಹೊರಟಾಗ ಇವರು ಕರೆಯದೆಯೇ ಜೊತೆಗೆ ಬಂದರು. ಟೈರ್ ಅಂಗಡಿಯವನು ಶಟರ್ ಎತ್ತುತ್ತಿದ್ದ, ಹಾಲಿನ ಗಾಡಿ ಅಡ್ಡ ನಿಂತಿತ್ತು. ಅಷ್ಟು ಜನರ ನಡುವೆ ನಡೆಯುತ್ತಾ ಮಾತಾಡುವುದೇ ಸುಲಭವಾಯಿತು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ.

“ಹೆದರಿಕೆ ಆಯ್ತು,” ಅಂದರು. “ಹೆಂಡ್ತಿ ತೀರ್ಕೊಂಡ್ಳು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಬಿಟ್ಟು ಹೋದ್ಳು ಅಂದ್ರೆ, ಇವನಲ್ಲೇ ಏನೋ ಐಬಿದೆ ಅಂತಾರೆ. ನಿಂಗೆ ಮೊದ್ಲು ನಾನು ಗೊತ್ತಾಗ್ಲಿ, ಆಮೇಲೆ ಹೇಳೋಣ ಅಂತ ದಿನ ತಳ್ದೆ.”

ನನಗೆ ಆ ಹೆಂಗಸಿನ ಮೇಲೆ ಸಿಟ್ಟಿಲ್ಲ, ಹೊಟ್ಟೆಕಿಚ್ಚೂ ಇಲ್ಲ ಎಂದೆ. ನೀವು ಹೆದರಿದ್ದು ಕೂಡ ಅರ್ಥವಾಗುತ್ತದೆ ಎಂದೆ. ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. “ಆ ಮಕ್ಕಳ ಬಾಯಿಗೆ ಬೀಗ ಹಾಕಿದ್ರಲ್ಲ,” ಎಂದೆ. “ಒಂದು ಮಗು ತಾನು ಊಟ ಬಿಟ್ಟಿದ್ದಕ್ಕೆ ಒಬ್ಬರು ಮನೆ ಬಿಟ್ಟು ಹೋದ್ರು ಅಂತ ಇಷ್ಟು ವರ್ಷ ಒಳಗೇ ಇಟ್ಕೊಂಡಿದೆ. ಅದನ್ನ ಯಾರ ಹತ್ರ ಹೇಳ್ಬೇಕಿತ್ತು ಅದು?”

ಇವರು ನಿಂತುಬಿಟ್ಟರು. ಗುಬ್ಬಿ ಹಾಗೆ ಅಂದುಕೊಂಡಿದ್ದಾಳೆಂದು ಅವರಿಗೂ ಭಾನುವಾರವೇ ಮೊದಲ ಸಲ ಗೊತ್ತಾದದ್ದಂತೆ. ಪಾಳಿ ಮುಗಿಯುವವರೆಗೂ ಯಂತ್ರದ ಮುಂದೆ ಅದೇ ಮಾತು ಕೇಳುತ್ತಿತ್ತಂತೆ. ಬಸ್ಸು ಬಂತು. ಹತ್ತುವ ಮೊದಲು ಒಂದೇ ಮಾತು ಹೇಳಿದೆ. ಗುರುವಾರ ಮೇಜಿನ ಮುಂದೆ, ಎಲ್ಲರ ಎದುರಿಗೆ, ನೀವೇ ಬಾಯಿ ತೆರೆಯಬೇಕು ಎಂದು.

ಆ ದಿನ ಅಂಗಡಿಯಲ್ಲಿ ಒಬ್ಬ ಯಜಮಾನರಿಗೆ ಯಾರದೋ ಕನ್ನಡಕ ಎತ್ತಿ ಕೊಟ್ಟೆ. ಅವರು ಹಾಕಿಕೊಂಡು, ಎಲ್ಲ ಮಂಜು ಮಂಜಾಗಿದೆಯಲ್ಲಮ್ಮ ಎಂದರು. ನನಗೂ ಹಾಗೇ ಇದೆ ಸಾರ್ ಎಂದುಬಿಟ್ಟೆ. ಅವರು ನಕ್ಕರು, ನಮ್ಮ ಮಾಲೀಕರು ನಗಲಿಲ್ಲ.

ನೀನು ಕೇಳಬಹುದು, ಬ್ಯಾಗು ಎತ್ತಿಕೊಂಡು ಹೊರಡಬೇಕೆನಿಸಲಿಲ್ಲವೇ ಎಂದು. ಅನಿಸಿತು. ಮಂಗಳವಾರ ಬಟ್ಟೆ ಮಡಿಚುವ ನೆಪದಲ್ಲಿ ಬೀರುವಿನ ಮುಂದೆ ನಿಂತಿದ್ದೆ. ಹಿಂದೆ ಯಾರೋ ಬಂದಂತಾಯಿತು. ದೊಡ್ಡವಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ನನ್ನನ್ನು ನೋಡದೆ ಮಡಿಚಿದ ಬಟ್ಟೆಯ ರಾಶಿಯನ್ನು ನೋಡುತ್ತಾ ಹೇಳಿದಳು.

“ಹೋಗೋದಾದ್ರೆ ನಂಗೆ ಮೊದ್ಲೇ ಹೇಳಿ ಚಿಕ್ಕಮ್ಮ. ಹೋದ್ಸಲ ಗುಬ್ಬಿ ಬಾಗ್ಲಲ್ಲೇ ಕೂತಿರ್ತಿದ್ಲು, ಒಳಗೆ ಬರ್ತಾನೇ ಇರ್ಲಿಲ್ಲ. ನಾನು ಏನಾದ್ರೂ ಹೇಳಿ ರೆಡಿ ಮಾಡ್ತೀನಿ.”

ಅಕ್ಕ, ಹದಿಮೂರು ವರ್ಷದ ಹುಡುಗಿ. ನಾನು ಮನೆ ಬಿಡುವುದನ್ನು ಶಾಲೆಯ ಪರೀಕ್ಷೆಯ ಹಾಗೆ ಮುಂಚಿತವಾಗಿ ತಿಳಿಸಿ ಎಂದು ಕೇಳುತ್ತಿದ್ದಾಳೆ. ನಾನು ಹಾಸಿಗೆಯ ಮೇಲೆ ಕೂತೆ. ಎಂದಿಗೂ ಹೋಗುವುದಿಲ್ಲ ಎಂದು ಹೇಳಿ ಅವಳನ್ನು ಅಪ್ಪಿಕೊಳ್ಳುವುದು ಎಷ್ಟು ಸುಲಭವಿತ್ತು. ಆದರೆ ಆ ಹೊತ್ತಿನಲ್ಲಿ ಅದು ನನಗೇ ಗೊತ್ತಿರಲಿಲ್ಲ, ಈ ಮನೆಯಲ್ಲಿ ಅವಳಿಗೆ ಇನ್ನೊಂದು ಸುಳ್ಳು ಹೇಳುವವಳು ನಾನಾಗಬಾರದು. “ನಿಂಗೆ ಹೇಳ್ದೆ ಎಲ್ಲಿಗೂ ಹೋಗಲ್ಲ,” ಎಂದೆ. “ಅಷ್ಟನ್ನ ಮಾತ್ರ ಈಗ ಖಂಡಿತವಾಗಿ ಹೇಳಬಲ್ಲೆ.” ಅವಳು ತಲೆಯಾಡಿಸಿದಳು. ಆಮೇಲೆ ಬಂದು ಬಟ್ಟೆ ಮಡಿಚಲು ಕೂತಳು. ಅವತ್ತು ಅವಳ ದಿನ, ಇಬ್ಬರೂ ಸೇರಿ ಈರುಳ್ಳಿಯಿಲ್ಲದ ಸೂಪು ಮಾಡಿದೆವು.

ಗುರುವಾರ ಇವರು ರಜೆ ಹಾಕಿದ್ದರು. ಅರ್ಧಚಂದ್ರ ಮಾಡಲು ಇಡೀ ಮನೆ ಕೂಡಿತು. ನನ್ನ ಹಿಟ್ಟು ಹರಿಯಿತು, ಇವರು ಒತ್ತಿದ ಅಂಚುಗಳೆಲ್ಲ ಹಬೆಯಲ್ಲಿ ಬಾಯಿ ಬಿಟ್ಟವು. ಅರ್ಧಚಂದ್ರ ಪ್ರಯೋಗ ಆಗಬೇಕಾದದ್ದು ಇವರಿಗೇ ಎಂದು ಅತ್ತೆ ಮಗನ ಕುತ್ತಿಗೆಗೆ ಕೈ ಹಾಕುವ ಹಾಗೆ ಮಾಡಿದಾಗ, ಆ ವಾರದಲ್ಲಿ ಮೊದಲ ಸಲ ನನಗೆ ನಗು ಬಂತು. ತಟ್ಟೆಗೆ ಹಾಕಿದ ಮೇಲೆ ಯಾರೂ ಕೈ ಹಚ್ಚಲಿಲ್ಲ. ಇವರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿ ಕೂತು, ಅಪ್ಪನಾಗಿ ನಾನು ನಿಮಗೆ ಬಾಯಿ ಮುಚ್ಚಿಕೊಂಡಿರಿ ಎಂದದ್ದು ತಪ್ಪು ಎಂದರು. ಆ ಚಿಕ್ಕಮ್ಮ ಹೋದದ್ದು ದೊಡ್ಡವರ ಕಾರಣಕ್ಕೆ, ಅದರಲ್ಲಿ ಹೆಚ್ಚಿನ ಪಾಲು ತನ್ನದು, ಊಟದ್ದಲ್ಲ, ಗುಬ್ಬಿಯದಂತೂ ಅಲ್ಲವೇ ಅಲ್ಲ ಎಂದರು. ಗುಬ್ಬಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ಒಂದನ್ನು ಎತ್ತಿ ಕಚ್ಚಿದಳು. ಅಗಿದು, ನುಂಗಿ, ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು, “ಉಪ್ಪು ಕಮ್ಮಿಯಿದೆ, ಚಿಕ್ಕಮ್ಮ.” ಹೇಳಿದವಳು ಹಾಗೇ ನನ್ನನ್ನು ನೋಡುತ್ತಾ ಕೂತಳು, ಏನಾಗುತ್ತದೋ ಎಂದು. ನಾನು ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಅವಳ ಮುಂದಿಟ್ಟು, ಮತ್ತೆ ನನ್ನ ಜಾಗದಲ್ಲಿ ಕೂತೆ. ಅವಳು ಇನ್ನೂ ಮೂರು ತಿಂದಳು.

ಅವತ್ತಿನಿಂದ ಸುಲಭದ ಊಟ ಕೇಳುವುದನ್ನು ಬಿಟ್ಟಿದ್ದಾಳೆ. ಹೋದ ವಾರ ಅವಳು ಕೇಳಿದ್ದನ್ನು ಮಾಡಲು ನಾನು ಅಂಗಡಿಗೆ ಅರ್ಧ ದಿನ ರಜೆ ಹಾಕಬೇಕಾಯಿತು. ಬೈದುಕೊಂಡೇ ಮಾಡಿದೆ, ಅವಳು ನಕ್ಕಳು. ಇವರ ಜೊತೆ ನನ್ನ ಮಾತು ಇನ್ನೂ ಅಳೆದು ಸುರಿದ ಹಾಗೆ ನಡೆಯುತ್ತಿದೆ. ಕ್ಷಮಿಸಿದ್ದೇನೆ ಎಂದು ಹೇಳಲಾರೆ. ಆದರೆ ಬೀರುವಿನ ಮುಂದೆ ಹಾಗೆ ಮತ್ತೆ ನಿಂತಿಲ್ಲ. ಭಾನುವಾರ ಎಲ್ಲರೂ ಮೇಜಿಗೆ ಬರುತ್ತಾರೆ, ನಾನೂ ಇರುತ್ತೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಬ್ಬರಿಗೂ ಚಿಕ್ಕಮ್ಮನ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ, ಮೈ ಕೈ ತುಂಬಿಕೊಂಡು ಬೆಳೆಯಲಿ. ನಿನ್ನ ಮನೆಯಲ್ಲಿ ಯಾವ ಕಾಲಕ್ಕೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವಂತಿರಲಿ.

ಇಂತಿ,
ನಿನ್ನ ತಂಗಿ

ತಾ.ಕ.: ಆ ಸೋಮವಾರ ಬಸ್ಸು ಬರುವ ಮೊದಲು ನಾನು ಇವರನ್ನು ಇನ್ನೊಂದು ಮಾತು ಕೇಳಿದ್ದೆ, ಮೇಲೆ ಬರೆಯಲಿಲ್ಲ. ನಮ್ಮ ಕಡೆಯವರು ಯಾರಿಗಾದರೂ ಇದು ಗೊತ್ತಿತ್ತೇ ಎಂದು ಕೇಳಿದೆ. “ನಿಮ್ಮಕ್ಕನಿಗೆ ಮದುವೆ ಮಾತುಕತೆಯ ದಿನಾನೇ ಎಲ್ಲ ಹೇಳಿದ್ದೆ,” ಅಂದರು. “ಅವ್ರು, ತಂಗಿಗೆ ನಾನೇ ನಿಧಾನವಾಗಿ ಹೇಳ್ತೀನಿ, ಅಲ್ಲಿವರೆಗೆ ಮಕ್ಕಳ ಬಾಯಿಂದ ಬೀಳದ ಹಾಗೆ ನೋಡ್ಕೊಳ್ಳಿ ಅಂದ್ರು. ಅವ್ರು ಹೇಳಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ನಂಗೂ ಧೈರ್ಯ ಹೋಗಿತ್ತು.”

ಹೀಗಾಗಿ ಇಷ್ಟುದ್ದ ಬರೆದದ್ದರಲ್ಲಿ ನಿನಗೆ ಹೊಸತು ಬಹಳ ಇರಲಾರದು. ಗೊತ್ತಿದ್ದೂ ಬರೆದೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ಏನಾದರೂ ಮೊದಲು ನಿನಗೇ ಹೇಳಿಕೊಂಡವಳು ನಾನು. ಇದನ್ನು ಹೇಳಿಕೊಳ್ಳಲೂ ಏನೂ ಗೊತ್ತಿಲ್ಲದ ಆ ಅಕ್ಕನೇ ನನಗೆ ಬೇಕಾಗಿದ್ದಳು. ಹಾಗೊಬ್ಬಳಿದ್ದಾಳೆ ಎಂದುಕೊಂಡೇ ಮೇಲಿನದನ್ನೆಲ್ಲ ಬರೆದು ಮುಗಿಸಿದೆ.

ಈಗ ನಿನ್ನನ್ನು ಕೇಳುತ್ತಿದ್ದೇನೆ. ಅಷ್ಟು ವರ್ಷ ನಿನ್ನ ಮನೆಯಲ್ಲಿದ್ದೆನಲ್ಲ, ಹೇಗಾದರೂ ಸರಿ ಒಮ್ಮೆ ಹೋದರೆ ಸಾಕು ಅನ್ನುವಷ್ಟು ನಾನು ನಿನಗೆ ಭಾರವಾಗಿದ್ದೆನೇ? ಫೋನು ಮಾಡಬೇಡ, ಬರೆದು ತಿಳಿಸು.